ದಸರೆಗೆ ಹೋಗಿ ಬಂದವಳು

ರೇಷ್ಮೆಹುಳುವಿನ ತಟ್ಟೆಗಳನ್ನು ಒಂದೊಂದಾಗಿ ಎತ್ತಿ ಪಕ್ಕದ ಮನೆಗೆ ಸಾಗಿಸುತ್ತಿದ್ದವನು ಆವಲಪ್ಪನೇ. ಹೆಂಡತಿ ಮುನಿಗಂಗಮ್ಮನನ್ನು ಜಗಲಿಯ ಮೇಲೆ ಮಲಗಿಸಿ ತಲೆಯ ಹತ್ತಿರ ಊದುಬತ್ತಿ ಹಚ್ಚಿದ್ದರು. ಹೊಗೆ ಒಳಗೆ ನುಗ್ಗಿದರೆ ಗೂಡು ಕಟ್ಟಲು ಬಂದ ಹುಳು ಉಳಿಯುವುದಿಲ್ಲ. ತಮ್ಮ ಬಯ್ಯಪ್ಪ ಬಂದು, ಆ ಕೆಲಸ ನನಗೆ ಬಿಡು, ನೀನು ಅತ್ತಿಗೆಯ ಹತ್ತಿರ ಕೂತಿರು ಎಂದ. ಆವಲಪ್ಪ ಕೇಳಿಸಿಕೊಳ್ಳದವನಂತೆ ಇನ್ನೊಂದು ತಟ್ಟೆಗೆ ಕೈ ಹಾಕಿದ.

ಜ್ವರ ಬಂದು ವಾರವಾಗಿರಲಿಲ್ಲ, ನಲವತ್ತು ದಾಟದ ಹೆಂಗಸು ಹೋಗಿಬಿಟ್ಟಿದ್ದಳು. ಮಕ್ಕಳಿರಲಿಲ್ಲ. ಅಂಗಳದಲ್ಲಿ ಕೂತಿದ್ದ ಅದೇ ಬೀದಿಯ ಅಕ್ಕಯ್ಯಮ್ಮ ನಗರಗೆರೆಯಿಂದ ಬಂದ ನೆಂಟರಿಗೆ ಮೆಲ್ಲಗೆ ಹೇಳುತ್ತಿದ್ದಳು: "ಮೈಸೂರು ದಸರಾದಾಗೆ ಎಕ್ಸಿಬಿಷನ್‌ನಲ್ಲಿ ಕೂತಿದ್ಲು ಅಂತಾರಲ್ಲ, ಇವಳೇ ಕಣಮ್ಮ." ಆವಲಪ್ಪ ತಟ್ಟೆ ಹಿಡಿದು ಹಾದುಹೋಗುವಾಗ ಮಾತು ನಿಂತಿತು. ಅವನು ದಾಟಿದ ಮೇಲೆ ಮತ್ತೆ ಶುರುವಾಯಿತು.

ಮಧ್ಯಾಹ್ನದ ಬಸ್ಸಿಗೆ ಚಿಂತಾಮಣಿಯಿಂದ ಕೊಂಡಮ್ಮ ಬಂದಳು. ಮೊದಲು ಇದೇ ಬೀದಿಯಲ್ಲಿದ್ದ ವಿಧವೆ. ಮುನಿಗಂಗಮ್ಮನ ಜೊತೆ ಮೈಸೂರಿಗೆ ಹೋಗಿದ್ದವಳು ಅವಳೊಬ್ಬಳೇ. ಅಲ್ಲಿಂದ ಬಂದ ತಿಂಗಳೊಪ್ಪತ್ತಿನಲ್ಲೇ ತಮ್ಮನ ಮನೆ ಸೇರಿಕೊಂಡಿದ್ದಳು. ಅವಳನ್ನು ಕಂಡೊಡನೆ ಆವಲಪ್ಪ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟ.

*

ಹತ್ತು ವರ್ಷದ ಹಿಂದೆ ರೇಷ್ಮೆ ಇಲಾಖೆಯವರೊಬ್ಬರು ಇವರ ಊರಾದ ಜಂಗಮಕೋಟೆಗೆ ಬಂದು, ದಸರಾ ವಸ್ತುಪ್ರದರ್ಶನದಲ್ಲಿ ಗೂಡಿನಿಂದ ನೂಲು ತೆಗೆದು ತೋರಿಸಲು ಇಬ್ಬರು ಹೆಂಗಸರು ಬೇಕೆಂದಿದ್ದರು. ಕೊಂಡಮ್ಮ ಒಪ್ಪಿದಳು. ಮುನಿಗಂಗಮ್ಮನೂ ಒಪ್ಪಿದ್ದಾಳೆಂದು ತಿಳಿದಾಗ ಆವಲಪ್ಪ ಕೂಗಾಡಿದ.

"ನಮ್ಮನೆ ಹೆಂಗಸು ಜನಕ್ಕೆ ತೋರ್ಸೋ ವಸ್ತುನಾ?"

"ತೋರ್ಸೋದು ನೂಲು. ನನ್ನನ್ನಲ್ಲ," ಎಂದಳು ಅವಳು, ಒಲೆಯ ಕಡೆಯಿಂದ ತಿರುಗದೆ. "ನಾನು ಹೋಗ್ತೀನಿ."

ಅವಳು ಹಾಗೆ ಎದುರು ಮಾತಾಡಿದ್ದು ಅದೇ ಮೊದಲು. ಅವನ ತಾಯಿ ಪೆದ್ದಮ್ಮ, "ಪೋನೀಲೇ ನಾಯನಾ," ಹೋಗಲಿ ಬಿಡಪ್ಪ ಎಂದು ತೆಲುಗಿನಲ್ಲಿ ಹೇಳಿ ಮಗನ ಬಾಯಿ ಮುಚ್ಚಿಸಿದಳು. ಅವಳು ಹೊರಟ ದಿನ ಅವನು ಬಸ್ಸಿನವರೆಗೂ ಹೋಗಲಿಲ್ಲ.

ಆಮೇಲೆ ಹೋಟೆಲಿನ ಬೆಂಚಿನ ಮೇಲೆ, ಟಿಕೆಟ್ ತಗೊಂಡರೆ ಆವಲಪ್ಪನ ಹೆಂಡತಿಯನ್ನು ಯಾರು ಬೇಕಾದರೂ ನೋಡಬಹುದಂತೆ ಎಂದು ಯಾರೋ ನಕ್ಕರು. ಮರುದಿನವೇ ಅವನು ಹರಕೆಯ ನೆಪ ಹೇಳಿ, ವಿದುರಾಶ್ವತ್ಥಕ್ಕೆಂದು ಹೊರಟು ಬೆಂಗಳೂರಿನಲ್ಲಿ ಮೈಸೂರಿನ ರೈಲು ಹತ್ತಿದ. ಕೈ ಹಿಡಿದು ಎಳೆದುಕೊಂಡೇ ಬರುತ್ತೇನೆಂಬ ಹಟವಿತ್ತು.

ಅಂದು ಆಯುಧಪೂಜೆ. ರೇಷ್ಮೆಯ ಮಳಿಗೆಯ ಮುಂದೆ ಜನ ಕಿಕ್ಕಿರಿದಿದ್ದರು. ಹಗ್ಗದ ಆಚೆ ಕೊಂಡಮ್ಮ ಕುಂಕುಮ ಹಚ್ಚಿದ ಚರಕ ತಿರುಗಿಸುತ್ತಿದ್ದಳು. ಮುನಿಗಂಗಮ್ಮ ಕುದಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆ ಹೆಕ್ಕಿ ಕೊಡುತ್ತಿದ್ದಳು. ಮನೆಯಲ್ಲಿ ತೆಲುಗಿನಲ್ಲಿ ಎರಡು ಮಾತು ಆಡಿದರೆ ಹೆಚ್ಚು ಎನ್ನುವಂಥವಳು, ಇಲ್ಲಿ ಕಾಲೇಜಿನ ಹುಡುಗಿಯರಿಗೆ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದಳು. ಒಂದು ಗೂಡಿನಲ್ಲಿ ಎಷ್ಟುದ್ದ ನೂಲಿರುತ್ತದೆಂದು ಯಾರೋ ಕೇಳಿದರು. "ನಮ್ಮೂರ ಈ ಕೊನೆಯಿಂದ ಆ ಕೊನೆ ಮುಟ್ತದೆ. ನಮ್ಮೂರು ಚಿಕ್ಕದು ಅನ್ಕೋಬೇಡಿ," ಎಂದಳು. ಜನ ನಕ್ಕರು. ಅವಳೂ ನಕ್ಕಳು, ಬಾಯಿಗೆ ಸೆರಗು ಅಡ್ಡ ಹಿಡಿಯದೆ.

ಆ ನಗುವನ್ನು ಆವಲಪ್ಪ ಮದುವೆಯಾದಂದಿನಿಂದ ಕೇಳಿರಲಿಲ್ಲ. ಊರಿನಿಂದ ತಂದ ಕೋಪವನ್ನು ಹುಡುಕಿಕೊಂಡ, ಅದು ಸಿಗಲಿಲ್ಲ. ಅವಳ ಕಣ್ಣು ತನ್ನ ಮೇಲೆ ಬಿದ್ದ ಗಳಿಗೆಯಲ್ಲೇ ಆ ನಗು ನಿಂತುಹೋಗುತ್ತದೆ ಎಂದು ಮಾತ್ರ ಹೊಳೆಯಿತು. ಮುಂದಿದ್ದ ಎತ್ತರದವನೊಬ್ಬನ ಬೆನ್ನಿಗೆ ಸರಿದ. ಅಲ್ಲಿಂದ ಹಾಗೇ ಹಿಂದೆ ಹಿಂದೆ ಸರಿದು ಗೇಟು ದಾಟಿ ಸ್ಟೇಷನ್ನಿನ ದಾರಿ ಹಿಡಿದ.

ಅವಳು ಊರಿಗೆ ಬಂದ ಸಂಜೆ ಅವನು ಕೇಳಿದ್ದು ಉಂಡೆಯಾ ಎಂದಷ್ಟೇ. ಒಂದೆರಡು ದಿನ ಕಳೆದು ಅವಳೇ, "ಅಲ್ಲಿ ಸಾಯಂಕಾಲ ಆದ್ರೆ..." ಎಂದು ಶುರು ಮಾಡಿದಳು. ಕೇಳಿದರೆ ತಾನು ಹೋಗಿದ್ದೂ ಬಾಯಿಗೆ ಬಂದೀತೆಂದು ಅವನು ಸೊಪ್ಪು ತರಲು ಎದ್ದುಹೋದ. ಅವಳು ಮತ್ತೆ ಆ ಮಾತೆತ್ತಲಿಲ್ಲ. ಮುಂದಿನ ವರ್ಷ ಇಲಾಖೆಯವರು ಪುನಃ ಬಂದಾಗ, ತನಗೆ ಆಗುವುದಿಲ್ಲವೆಂದು ಅವಳೇ ಹೇಳಿ ಕಳಿಸಿದಳು.

*

ಹೊತ್ತು ಇಳಿಯುವ ಮೊದಲೇ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಮಣ್ಣು ಮಾಡಿದರು. ಎಲ್ಲರೂ ಒಬ್ಬೊಬ್ಬರಾಗಿ ಬಾವಿಯಲ್ಲಿ ಮಿಂದು ಬರುತ್ತಿದ್ದರು. ಮನೆಯೊಳಗೆ ದೀಪ ಇಟ್ಟಾಗಿತ್ತು. ತೊಳೆದ ಜಗಲಿಯ ಮೇಲೆ ಕೊಂಡಮ್ಮ ಗೋಡೆಗೊರಗಿ ಕೂತಿದ್ದಳು. ಆವಲಪ್ಪ ಬಂದು ಸ್ವಲ್ಪ ದೂರದಲ್ಲಿ ಕೂತ. ಕೂತವನೇ ಕೇಳಿದ:

"ಕೊಂಡಕ್ಕ, ಮೈಸೂರಾಗೆ ಅವಳು ಏನೇನು ನೋಡಿದ್ಲು?"

"ಅವಳು ಹೇಳಿಲ್ವಾ?"

"ನಾನು ಕೇಳ್ಲಿಲ್ಲ."

ಕೊಂಡಮ್ಮ ಅವನ ಮುಖ ನೋಡಿ, ನಿಧಾನವಾಗಿ ಹೇಳತೊಡಗಿದಳು. ಅರಮನೆಯ ದೀಪ ನೋಡಿದ್ದು ಒಂದೇ ಸಲವಂತೆ. ಆದರೆ ಸಂಜೆ ಮಳಿಗೆಯ ಕೆಲಸ ಮುಗಿದ ಮೇಲೆ ಪಕ್ಕದ ದೊಡ್ಡ ಚಪ್ಪರದಲ್ಲಿ ವಿಶ್ವವಿದ್ಯಾನಿಲಯದ ಮೇಷ್ಟ್ರುಗಳು ಬಂದು ಭಾಷಣ ಮಾಡುತ್ತಿದ್ದರು, ಬಿಳಿ ಬಟ್ಟೆಯ ಮೇಲೆ ಚಿತ್ರ ಬಿಟ್ಟು ತೋರಿಸುತ್ತಿದ್ದರು. ಒಂದು ದಿನ ಚಂದ್ರ, ಒಂದು ದಿನ ಹಂಪೆ, ಇನ್ನೊಂದು ದಿನ ಯಾವುದೋ ಹುಡುಗಿಯ ವೀಣೆ. ಅರ್ಧ ಅರ್ಥವಾಗುತ್ತಿರಲಿಲ್ಲ. ಆದರೂ ಮುನಿಗಂಗಮ್ಮ ಒಂದನ್ನೂ ಬಿಡಲಿಲ್ಲ. ಕೈಯಿಂದ ಗೂಡಿನ ವಾಸನೆ ಹೋಗಲೆಂದು ಸೋಪು ಹಚ್ಚಿ ತಿಕ್ಕಿಕೊಂಡು, ಎಲ್ಲರಿಗಿಂತ ಮುಂಚೆ ಹೋಗಿ ಕೂರುತ್ತಿದ್ದಳಂತೆ.

"ನಿನಗೂ ಒಂದು ಕುರ್ಚಿ ಹಿಡೀತಿದ್ಲು," ಎಂದಳು ಕೊಂಡಮ್ಮ. "ಪಕ್ಕದಾಗೆ ಟವಲು ಹಾಸೋಳು. ಯಾರಾದ್ರೂ ಕೂರಕ್ಕೆ ಬಂದ್ರೆ, ನಮ್ಮೋರು ಬರ್ತಾರೆ ಅನ್ನೋಳು. ಅವನೆಲ್ಲಿ ಬರ್ತಾನೆ ಕಣೇ ಅಂತ ನಾನು ನಗ್ತಿದ್ದೆ. ಬಂದ್ರೂ ಬರಬೋದಕ್ಕ, ಅಷ್ಟು ದಿನ ಕೋಪ ಇಟ್ಕೊಳ್ಳೋರಲ್ಲ ಅನ್ನೋಳು."

ಆವಲಪ್ಪ ತಲೆ ತಗ್ಗಿಸಿದ.

"ಆಯುಧಪೂಜೆ ದಿನಾನೂ ಹಾಸಿದ್ಲಾ?"

"ದಿನಾನೂ ಹಾಸೋಳು." ಕೊಂಡಮ್ಮ ಇನ್ನೇನೋ ಹೇಳಹೊರಟವಳು ತಡೆದಳು. "ಆಯುಧಪೂಜೆ ದಿನ ಅಂತ ಯಾಕಪ್ಪ ಕೇಳ್ತೀಯ?"

ಅವನು ತೋಟದ ಕಡೆ ಮುಖ ತಿರುಗಿಸಿದ.

ಬಾವಿಯ ಕಡೆಯಿಂದ ಬಯ್ಯಪ್ಪ ತಲೆ ಒರೆಸಿಕೊಳ್ಳುತ್ತ ಬಂದ. ಅಣ್ಣನ ಪಕ್ಕದಲ್ಲಿ ಕೂರಲು ಜಗಲಿಗೆ ಕಾಲಿಟ್ಟ. ಆವಲಪ್ಪ ಹೆಗಲ ಮೇಲಿದ್ದ ಒದ್ದೆ ಟವಲನ್ನು ತೆಗೆದು, ಎರಡೂ ಕೈಯಿಂದ ಸುಕ್ಕು ಬಿಡಿಸಿ, ತನ್ನ ಪಕ್ಕದ ಕಲ್ಲಿನ ಮೇಲೆ ಹಾಸಿದ. ಬಯ್ಯಪ್ಪ ಒಂದು ಗಳಿಗೆ ನಿಂತು ನೋಡಿ, ಇಳಿದು ಕೆಳಗಿನ ಮೆಟ್ಟಿಲ ಮೇಲೆ ಕೂತ.