ಆಕ್ಟೋಪಸ್ ಬಣ್ಣ ಬದಲಿಸಿದ ಗಳಿಗೆ

ಸೀರೆಯ ಕಪಾಟಿನ ಬಾಗಿಲು ತೆರೆದು, ಅದರ ಮುಂದೆ ಸ್ಟೂಲ್ ಹಾಕಿ ಮೊಮ್ಮಗಳು ಪ್ರೇಕ್ಷಾ ನನ್ನನ್ನು ಕೂರಿಸಿದ್ದಳು. ತೂಗುಹಾಕಿದ ಸೀರೆಗಳ ನಡುವೆ ಮೈಕ್ ಇತ್ತು. ಬಟ್ಟೆಯಿದ್ದರೆ ಧ್ವನಿ ಗೋಡೆಗೆ ಬಡಿದು ಹಿಂದಿರುಗುವುದಿಲ್ಲವಂತೆ. ಕಿಟಕಿ ಮುಚ್ಚಿತ್ತು, ಫ್ಯಾನ್ ನಿಂತಿತ್ತು. ಮೇಲಿನ ಮನೆಯ ಮಾನಸಿ ಕೇಳಿಕೊಂಡ ಕೂಡಲೇ ಮಿಕ್ಸರ್ ನಿಲ್ಲಿಸಿ, ಚಟ್ನಿಯನ್ನು ಸಂಜೆಗೆ ಮುಂದೂಡಿದ್ದಳು. ಐರೋಲಿಯ ಸೆಕೆಯಲ್ಲಿ ನಾನು ಬೆವರುವುದನ್ನು ನೋಡಿ ಅವಳು ಆಗಾಗ ಒದ್ದೆ ಟವೆಲ್ಲಿನಿಂದ ನನ್ನ ಕತ್ತು ಒರೆಸುತ್ತಿದ್ದಳು.

ಸಮುದ್ರದೊಳಗೆ ಇಳಿದು ಚಿತ್ರ ತೆಗೆಯುವುದು ಅವಳ ಕೆಲಸ. ನೇತ್ರಾಣಿ ದ್ವೀಪದ ಹವಳದ ದಿಬ್ಬಗಳ ಬಗ್ಗೆ ಇದು ಅವಳ ಸ್ವಂತದ ಮೊದಲ ಸಾಕ್ಷ್ಯಚಿತ್ರ. ಕನ್ನಡನಾಡಿನ ಹೊರಗೆ, ಇಲ್ಲೇ ಹುಟ್ಟಿ ಬೆಳೆದವಳಿಗೆ ಕನ್ನಡ ಓದಲು ಬಾರದು. ಹಾಗಾಗಿ ಕನ್ನಡದ ನಿರೂಪಣೆಗೆ ನನ್ನ ಧ್ವನಿ. ಮಧ್ಯಾಹ್ನದೊಳಗೆ ಚಾನೆಲ್‌ಗೆ ಕಳಿಸಬೇಕಿತ್ತು. ಅವರು ಇಷ್ಟಪಟ್ಟಿದ್ದು ಒಂದು ದೃಶ್ಯವನ್ನು: ಕಲ್ಲಿನ ಬಣ್ಣದ ಆಕ್ಟೋಪಸ್ ಸಂದಿಯಿಂದ ಹೊರಬಂದು, ನೋಡುನೋಡುತ್ತ ಹಾಲಿನಂತೆ ಬೆಳ್ಳಗಾಗುವುದು. ನಾನೂ ಅದನ್ನು ಕಂಡು ಬೆರಗಾಗಿದ್ದೆ.

"ಯಾರ ಭಯವೂ ಇಲ್ಲದ ಈ ತಾಣದಲ್ಲಿ ಆಕ್ಟೋಪಸ್ ತನ್ನ ಖುಷಿಗೆ ಬಣ್ಣ ಬದಲಿಸುತ್ತದೆ," ಎಂದು ಓದಿದೆ.

"ಏಕ್ ಬಾರ್ ಔರ್ ಅಜ್ಜಿ. ಟ್ರೇನ್ ಆವಾಜ್ ಬಂತು."

ಮತ್ತೆ ಓದಿದೆ.

"ಈಗ ಕುರ್ಚಿ ಕಿರ್ ಅಂತು."

"ಸ್ಟೂಲು ಮಾರಾಯ್ತಿ ಇದು. ನನ್ನ ಸ್ವರ ಹಾಳಾಗಿದ್ರೆ ಹೇಳು. ಮುದುಕಿಯ ಗಂಟಲು, ಎಂತ ಮಾಡ್ಲಿಕ್ಕಾಗ್ತದೆ?"

"ನಹೀ ನಾ! ನಿನ್ನ ವಾಯ್ಸ್ ಏಕದಂ ಮಸ್ತ್."

ಬೆಚ್ಚನೆಯ ನೀರು ತಂದುಕೊಟ್ಟಳು. ಉಳಿದೆಲ್ಲ ಸಾಲುಗಳನ್ನು ಮೊದಲ ಸಲಕ್ಕೇ ಒಪ್ಪಿದ್ದಳು. ಇದೊಂದಕ್ಕೇ ಹೀಗೆ. "ನಿಜ ಹೇಳು ಮಗಾ," ಎಂದೆ. ಅವಳು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದಳು.

ಅದೇ ದೃಶ್ಯ, ಆದರೆ ಕತ್ತರಿಸದೆ ಇದ್ದದ್ದು. ಕೈಗವಸು ತೊಟ್ಟ ಕೈಯೊಂದು ಉಕ್ಕಿನ ಕಡ್ಡಿ ಹಿಡಿದು ಹವಳದ ಸಂದಿಗೆ ತಿವಿಯಿತು. ಏನೂ ಹೊರಬರದಿದ್ದಾಗ ಮತ್ತೆ ತಿವಿಯಿತು. ಹವಳದ ಒಂದು ಟೊಂಗೆ ಮುರಿದು ಕೆಳಗೆ ಬಿತ್ತು. ಆಮೇಲೆ ಆಕ್ಟೋಪಸ್ ಬಂತು, ಬೆಳ್ಳಗೆ.

"ಕೈ ನನ್ನದೇ," ಎಂದಳು. "ಅದು ಖುಷಿಗೆ ಅಲ್ಲ ಅಜ್ಜಿ. ಡರ್ ಗಯೀ ಥೀ, ಹೆದರಿತ್ತು. ಹಿಂದೆ ನೋಡು."

ಖಾಲಿಯಾದ ಸಂದಿಯ ಸೂರಿನಲ್ಲಿ, ಒತ್ತಾಗಿ ಕಟ್ಟಿದ ಮಲ್ಲಿಗೆ ಮೊಗ್ಗಿನಂತೆ ಬಿಳಿಯ ಮೊಟ್ಟೆಗಳು ತೂಗುತ್ತಿದ್ದವು. ಪಟ್ಟೆಪಟ್ಟೆಯ ಸಣ್ಣ ಮೀನುಗಳು ಸಾಲಾಗಿ ಒಳಗೆ ನುಗ್ಗಿ ಮೊಟ್ಟೆಗಳಿಗೆ ಬಾಯಿ ಹಾಕಿದವು.

"ಅವಳು ಮೊಟ್ಟೆ ಕಾಯ್ತಾ ಇದ್ದಳು. ಮರಿ ಆಗೋವರೆಗೆ ಏನೂ ತಿನ್ನಲ್ಲ. ಆಮೇಲೆ ಸತ್ತು ಹೋಗ್ತಾಳೆ. ಒಂದೇ ಸಲ ಮೊಟ್ಟೆ ಇಡೋದು. ನೀರಲ್ಲಿ ನನಗೆ ಕಾಣಲೇ ಇಲ್ಲ, ಮನೆಗೆ ಬಂದು ವಿಡಿಯೋದಲ್ಲಿ ದೇಖಾ."

ಆಗ ನಾನು ಸುಮ್ಮನಿರಬೇಕಿತ್ತು. ಅವಳ ಮುಖ ನೋಡಲಾಗದೆ, "ಅಷ್ಟನ್ನು ಕತ್ತರಿಸಿದ್ದೀಯಲ್ಲ. ಯಾರಿಗೆ ಗೊತ್ತಾಗ್ತದೆ?" ಎಂದುಬಿಟ್ಟೆ.

"ನಿನ್ನ ಬಾಯಲ್ಲಿ ಸುಳ್ಳು ಹೇಳಿಸ್ತಾ ಇದ್ದೇನೆ ಅಂತ ನನಗೆ ಗೊತ್ತಲ್ಲ! ಅದಕ್ಕೇ ಮತ್ತೆ ಮತ್ತೆ ಓದಿಸಿದೆ. ನೀನು ಪ್ರತಿ ಸಲ ಇನ್ನೂ ಪ್ಯಾರ್ ಸೇ ಓದಿದೆ." ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು. "ಈಗ ನೀನೂ ಹೀಗೆ ಹೇಳ್ತಿ."

ತನ್ನ ತಪ್ಪನ್ನು ಎತ್ತಿ ತೋರಿಸುವ ಧೈರ್ಯ ಮಾಡಿದ ಹುಡುಗಿಗೆ, ಅದನ್ನು ಮತ್ತೆ ಮುಚ್ಚಿಡಲು ನಾನು ಜಾಗ ತೋರಿಸಿದ್ದೆ.

"ಹಾಗೆ ಹೇಳಬಾರದಿತ್ತು," ಎಂದೆ. "ನೀನು ಏನು ಮಾಡ್ಬೇಕು ಅಂತಿದ್ದಿ?"

"ಪೂರಾ ಇಡ್ತೇನೆ. ಚಾನೆಲ್ ಬೇಡ ಅಂದ್ರೆ? ಮತ್ತೆ ಯಾರೂ ಕೆಲಸ ಕೊಡದಿದ್ರೆ?"

ಏನೂ ಆಗುವುದಿಲ್ಲ ಎನ್ನಲು ನಾಲಿಗೆ ತವಕಿಸಿತು. ತಡೆದುಕೊಂಡು ಸ್ಟೂಲ್ ಬಿಟ್ಟು ಎದ್ದೆ. ಅವಳೇ ಕುಳಿತು ಮೈಕಿಗೆ ಹೇಳಿದಳು: "ಇದು ನನ್ನ ಕೈ. ನಾನು ಅವಳಿಗೆ ಹೆದರಿಸಿದೆ. ಒಳಗೆ ಮೊಟ್ಟೆ ಇತ್ತು. ನಾನು ನೋಡಲಿಲ್ಲ." ಅವಳ ಕನ್ನಡವನ್ನು ನಾನು ತಿದ್ದಲಿಲ್ಲ.

ಚಿತ್ರ ಕಳಿಸಿ, ನಾವಿಬ್ಬರೂ ಊಟಕ್ಕೆ ಏಳದೆ ಕಾದೆವು. ಕೊನೆಗೆ ಫೋನ್ ಬಂತು. ಆ ಕಡೆಯವರು ಕಡ್ಡಿಯ ಭಾಗ ಕತ್ತರಿಸಲು ಮರೆತುಹೋಯಿತೇ ಎಂದು ಕೇಳಿರಬೇಕು.

"ನಹೀ ಸರ್, ಮೈನೇ ರಖಾ ಹೈ," ಎಂದಳು. ತಾನೇ ಅದನ್ನು ಉಳಿಸಿದ್ದು ಎಂದು. ಆಮೇಲೆ ಬಹಳ ಹೊತ್ತು ಕೇಳಿಸಿಕೊಂಡಳು. "ಸಮಝ್ ಗಯೀ ಸರ್," ಎಂದು ಫೋನ್ ಇಟ್ಟಳು.

"ಬೇಡವಂತೆ."

ಅನ್ನ, ಸಾರು ಬಿಸಿ ಮಾಡಿ ಬಡಿಸಿದೆ. ಅವಳು ನನ್ನ ಬಟ್ಟಲಿಗೆ ಮೊಸರು ಹಾಕಿದಳು, ತಾನು ಅನ್ನ ಕಲಸುತ್ತಲೇ ಇದ್ದಳು.

"ಅಜ್ಜಿ, ಥೋಡೇ ಮೊಟ್ಟೆ ಆದ್ರೂ ಉಳಿದಿರ್ಬಹುದಾ?"

"ಗೊತ್ತಿಲ್ಲ ಮಗಾ," ಎಂದೆ.