ಮೆದೆಯ ಕೆಳಗೆ ನಿಂತವಳು

"ಅಂಗಿ ಬಿಚ್ಚೋ ಸಿದ್ದು. ಅಣ್ಣಂಗೆ ಎಗಲು ಕೊಡೋನು ಮೈಮೇಲೆ ನೀರು ಉಯ್ಕೊಂಡು ಬರ್ಬೇಕು," ಎಂದು ಪಕ್ಕದ ಮನೆಯ ಅಕ್ಕಯ್ಯಮ್ಮ ಎಷ್ಟು ಹೇಳಿದರೂ ಹುಡುಗ ಕಾಲರ್ ಹಿಡಿದುಕೊಂಡೇ ನಿಂತಿದ್ದ.

ಅಂಗಳದಲ್ಲಿ ಅವನ ಅಣ್ಣ ಮುನೀಂದ್ರನನ್ನು ಮಲಗಿಸಿದ್ದರು. ಆಸ್ಪತ್ರೆಯವರು ಸುತ್ತಿಕೊಟ್ಟ ಬಿಳಿ ಬಟ್ಟೆಯಲ್ಲಿ ಮುಖ ಮಾತ್ರ ಕಾಣುತ್ತಿತ್ತು. ಏರ್‌ಪೋರ್ಟ್ ರಸ್ತೆಯಲ್ಲಿ ಬೈಕಿನ ಮುಂದಿನ ಚಕ್ರ ಎತ್ತಿ ಓಡಿಸುವಾಗ ಡಿವೈಡರಿಗೆ ಬಡಿದು ಸತ್ತಿದ್ದ. ಇಪ್ಪತ್ತೊಂದು ತುಂಬಿರಲಿಲ್ಲ. ಬೀದಿಯ ತುದಿಯಲ್ಲಿ ಅವನ ಗೆಳೆಯರು ಬೈಕುಗಳ ಮೇಲೆಯೇ ಕುಳಿತು ಕಾಯುತ್ತಿದ್ದರು. ಒಂದೊಂದು ಹೆಡ್‌ಲೈಟಿನ ಮೇಲೂ ಮುನೀಂದ್ರ ನಗುತ್ತಿರುವ ಫೋಟೊ.

ತಾಯಿ ಸುಮಾ ಎದ್ದಳು. ಬೆಳಗಿನಿಂದ ಅವಳು ಅತ್ತಿರಲಿಲ್ಲ. ಸಿದ್ದುವನ್ನು ಹಿತ್ತಲಿನ ನೀರಿನ ಡ್ರಮ್ಮಿನ ಬಳಿಗೆ ಎಳೆದೊಯ್ದು ತಾನೇ ಗುಂಡಿ ಬಿಚ್ಚಿದಳು. ಎಡ ಭುಜದಿಂದ ಮೊಣಕೈವರೆಗೆ ಚರ್ಮ ಕಿತ್ತುಹೋಗಿತ್ತು. ತೋಳಿನ ಬಟ್ಟೆ ಹಸಿ ಗಾಯಕ್ಕೆ ಅಂಟಿಕೊಂಡಿತ್ತು.

"ರಾತ್ರಿ ಫ್ರೆಂಡ್ ಮನೇಲಿದ್ದೆ ಅಂದ್ಯಲ್ಲೋ."

ಸಿದ್ದು ನೆಲ ನೋಡಿದ.

"ಅವ್ನ ಹಿಂದೆ ಕೂತಿದ್ಯಾ?"

"ಹೂಂ."

"ನಿನ್ನ ಕೂರಿಸ್ಕೊಂಡು ಯಾಕೋ ಎತ್ತಿದ ಅವ್ನು?"

"ನಾನೇ ಅಂದೆ ಅಮ್ಮ... ಇನ್ನೂ ಎತ್ತು ಅಂತ."

ನೀರು ಹುಯ್ಯಲು ಎತ್ತಿದ್ದ ಅವಳ ಕೈಯ ಚೊಂಬು ಅರ್ಧಕ್ಕೇ ನಿಂತಿತು.

*

ರಾಜಾನುಕುಂಟೆಯ ಈ ಬೀದಿ ಲೇಔಟ್ ಆಗುವ ಮೊದಲು ಅವರ ರಾಗಿಹೊಲವಾಗಿತ್ತು. ಸುಗ್ಗಿ ಮುಗಿದು ಹುಲ್ಲಿನ ಮೆದೆ ಒಟ್ಟಿದರೆ ಸಾಕು, ಸುಮಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಕ್ಕಳ ಜೊತೆ ತಾನೂ ಹತ್ತುವಳು. ಮೊದಲು ತಾನು ಧುಮುಕಿ, ಕೆಳಗೆ ನಿಂತು ಎರಡೂ ಕೈ ಚಾಚಿ ಕೂಗುವಳು: "ಹಾರ್ರೋ! ನಾನಿದೀನಿ!"

ಮುನಿ ಕಣ್ಣು ಮುಚ್ಚಿ ಹಾರುತ್ತಿದ್ದ. ಸಿದ್ದು ಮೇಲೆಯೇ ಅಳುತ್ತ ನಿಂತರೆ, ಮುನಿ ಮತ್ತೆ ಹತ್ತಿಹೋಗಿ ಅವನನ್ನು ಬೆನ್ನ ಮೇಲೆ ಕೂರಿಸಿಕೊಂಡು ಹಾರುವನು. ಮೂವರೂ ಹುಲ್ಲಿನಲ್ಲಿ ಉರುಳಾಡಿ ನಗುವಾಗ ಅತ್ತೆ ಮುನಿಕೆಂಪಮ್ಮ ಜಗಲಿಯಿಂದಲೇ ಬೈಯುವಳು: "ಏ ಸುಮಾ, ನೀನೇನು ಮಕ್ಳ ಎತ್ತ ತಾಯೋ, ಇಲ್ಲಾ ಅವರ್ ಜೊತೆಗೆ ಉಟ್ಟೋಳೋ?"

ಮಕ್ಕಳ ಬಗ್ಗೆ ಸುಮಾಳ ಆಸೆ ದೊಡ್ಡದೇನಲ್ಲ. ಮಹಡಿಯಲ್ಲಿ ಮುನಿ, ಕೆಳಗೆ ಸಿದ್ದು, ಇಬ್ಬರಿಗೂ ಅನ್ನ ತನ್ನ ಒಲೆಯದು. ಭಾನುವಾರ ಮುಂದೆ ಬರುವ ಸೊಸೆಯರನ್ನೂ ಕೂರಿಸಿಕೊಂಡು ಚೌಕಾಬಾರ.

"ನಿಮ್ಮ ಹೆಂಡ್ತೀರ್ನ ನಾನೇ ಸೋಲ್ಸೋದು."

"ನೀನು ಕವಡೆ ಕದೀತೀಯ ಅಂತ ಮೊದ್ಲೇ ಹೇಳ್ಬಿಡ್ತೀನಿ," ಎನ್ನುತ್ತಿದ್ದ ಮುನಿ.

ಮಹಡಿಯ ಗೋಡೆ ಈ ವರ್ಷವಷ್ಟೇ ಎದ್ದಿತ್ತು.

*

ಮಣ್ಣು ಮಾಡಿ ಬಂದ ಗಂಡಸರು ಕಾಲು ತೊಳೆದು, ಹೆಣ ಮಲಗಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ ಹೊರಟರು. ಸುಮಾಳ ಗಂಡ ಮುನಿಯಣ್ಣ ಗೋಡೆಗೆ ಒರಗಿದವನು ಕಣ್ಣೇ ತೆರೆಯಲಿಲ್ಲ. ಅಷ್ಟರಲ್ಲಿ ಬೈಕುಗಳು ಒಟ್ಟಿಗೆ ಗುಡುಗಿದವು. ಮುನೀಂದ್ರನ ಗೆಳೆಯ ನಿರಂಜನ್ ತನ್ನ ಬೈಕನ್ನು ಗೇಟಿಗೆ ತಂದು ನಿಲ್ಲಿಸಿ, ಎಂಜಿನ್ ಆರಿಸದೆಯೇ ಇಳಿದ.

"ಬಾ ಮಗಾ. ಅಣ್ಣನ ಜಾಗದಲ್ಲಿ ಇವತ್ತಿನ ರೈಡಿಗೆ ನೀನೇ ಮುಂದೆ."

"ಒಂದೇ ರೌಂಡಮ್ಮ, ಅಣ್ಣಂಗೋಸ್ಕರ," ಎಂದವನೇ ಸಿದ್ದು ಓಡಿಹೋಗಿ ಬೈಕು ಹತ್ತಿದ.

ಸುಮಾ ಬೇಡವೆನ್ನಲಿಲ್ಲ. ಬರಿಗಾಲಲ್ಲೇ ಹೋಗಿ ಅವನ ಹಿಂದೆ ಹತ್ತಿ ಕುಳಿತಳು. ಎರಡೂ ಕೈಯಿಂದ ಅವನ ಸೊಂಟ ಬಳಸಿದಳು.

"ಅಮ್ಮಾ, ಇಳಿ."

"ಯಾಕೋ? ಎತ್ತು. ನಿಮ್ಮಣ್ಣ ಎಷ್ಟು ಎತ್ತಿದ್ನೋ ಅಷ್ಟೇ ಎತ್ತು."

"ಆಂಟಿ, ಹಂಗೆಲ್ಲ..." ಎಂದ ನಿರಂಜನ್.

"ನೀನು ಸುಮ್ನಿರಪ್ಪ. ಎತ್ತೋ ಸಿದ್ದು!"

ಬೆನ್ನಿಗೊತ್ತಿದ ಅವಳ ಎದೆಬಡಿತ ಅವನಿಗೆ ತಗುಲುತ್ತಿದ್ದಿರಬೇಕು. ಕೀ ತಿರುಗಿಸಿ ಎಂಜಿನ್ ಆರಿಸಿದ, ಅವಳ ಕೈ ಬಿಡಿಸಿಕೊಂಡು ಇಳಿದ, ಬಿಕ್ಕುತ್ತ ಒಳಗೆ ಹೋದ. ಅಕ್ಕಯ್ಯಮ್ಮ ಬಂದು ಕೈಹಿಡಿದು ಇಳಿಸುವವರೆಗೂ ಸುಮಾ ಬೈಕಿನ ಮೇಲೆ ಒಬ್ಬಳೇ ಕುಳಿತಿದ್ದಳು.

ಹುಡುಗರು ಯಾರೂ ಅವಳ ಮುಖ ನೋಡಲಿಲ್ಲ. ಆದರೆ ನಿಲ್ಲಲೂ ಇಲ್ಲ. ಬೈಕುಗಳು ಒಂದರ ಹಿಂದೊಂದು ದೊಡ್ಡಬಳ್ಳಾಪುರ ರಸ್ತೆ ಹತ್ತಿದವು. ಅವಳು ಗೇಟಿಗೆ ಚಿಲಕ ಹಾಕಿ ಒಳಬಂದಳು.

ಸಿದ್ದು ಬೆನ್ನು ಹಾಕಿ ಕಿಟಕಿಯ ಬಳಿ ನಿಂತಿದ್ದ. ದೂರದ ಬೈಕುಗಳ ಸದ್ದು ಏರಿದಾಗಲೆಲ್ಲ, ಪಕ್ಕಕ್ಕೆ ಇಳಿಬಿಟ್ಟ ಅವನ ಬಲ ಮುಷ್ಟಿ ಆಕ್ಸಿಲರೇಟರ್ ಹಿಡಿದಂತೆ ಗಾಳಿಯಲ್ಲೇ ಮೆಲ್ಲನೆ ಹಿಂದಕ್ಕೆ ತಿರುಗುತ್ತಿತ್ತು.