ಸತ್ತವರ ಪಟ್ಟಿಗೆ ಒಂದು ಹೆಸರು

ಪೈಲಟ್ ನಾತೋ ಏಳು ಜಪಾನಿ ವಿಮಾನ ಹೊಡೆದು ಉರುಳಿಸಿದ್ದನ್ನು ಕಣ್ಣಾರೆ ಕಂಡವನು ನಮ್ಮೂರಿನಲ್ಲಿ ನಾನೊಬ್ಬನೇ. ಆ ಹೊತ್ತಿನಲ್ಲಿ ನಾನು ಮಂಚದ ಕೆಳಗೆ, ನಮ್ಮ ಹೆಣ್ಣುಹಂದಿಯ ಪಕ್ಕ, ಕಣ್ಣು ಮುಚ್ಚಿಕೊಂಡು ಮಲಗಿದ್ದೆ ಎಂಬುದು ಬೇರೆ ಮಾತು. ಹಂದಿ ಕಣ್ಣು ಬಿಟ್ಟುಕೊಂಡೇ ಇತ್ತು. ಅದನ್ನು ಯಾರೂ ಕೇಳಲಿಲ್ಲ.

ನಾನು ಪಾಂಬೊ. ಫಿಲಿಪೈನ್ಸಿನ ಬತಂಗಾಸ್ ಸೀಮೆಯ ಈ ಊರಿನಲ್ಲಿ ಮೂವತ್ತು ವರ್ಷದಿಂದ ಕ್ಷೌರ ಮಾಡುತ್ತಿದ್ದೇನೆ. ಕತ್ತರಿ ಆಡುವಾಗ ಬಾಯಿ ಆಡದಿದ್ದರೆ ಗಿರಾಕಿ ತೂಕಡಿಸುತ್ತಾನೆ, ತಲೆ ವಾಲುತ್ತದೆ, ಕಿವಿ ಹೋಗುತ್ತದೆ. ಊರಿನ ಕಿವಿಗಳು ಉಳಿಯಲಿ ಎಂದೇ ಕತೆ ಹೇಳುತ್ತಾ ಬಂದೆ. ಯುದ್ಧದ ಮೊದಲ ವರ್ಷ ನಾತೋ ಉರುಳಿಸಿದ್ದು ಒಂದೇ ವಿಮಾನ. ಜಪಾನಿಯರು ಗಂಟುಮೂಟೆ ಕಟ್ಟುವಷ್ಟರಲ್ಲಿ ಮೂರಾಯಿತು. ಅವನು ಪುರಸಭೆಗೆ ನಿಂತಾಗ ಏಳಕ್ಕೇರಿತು. ಏಳನೆಯದರ ಹೊತ್ತಿಗೆ ಗುಂಡು ಖಾಲಿಯಾಗಿದ್ದರಿಂದ ಅದನ್ನು ಎಳನೀರು ಎಸೆದು ಕೆಡವಿದ. ಜನ ಎಳನೀರಿನ ಮಾತಿಗೇ ಹೆಚ್ಚು ಓಟು ಹಾಕಿದರು.

ನಿಜ ಏನೆಂದು ನನಗೆ ಗೊತ್ತಾದದ್ದು ಯುದ್ಧ ಮುಗಿದ ಮರುವರ್ಷ. ನನ್ನ ಮಗಳಿಗೆ ದೀಕ್ಷಾಸ್ನಾನ ಮಾಡಿಸುವಾಗ ಅವಳನ್ನು ಎತ್ತಿ ಹಿಡಿದು ಧರ್ಮಪಿತನಾದವನು ನಾತೋ. ಅಂದಿನಿಂದ ನಾವು ಒಬ್ಬರಿಗೊಬ್ಬರು 'ಪಾರೆ'. ಅದೇ ಬೆಳಿಗ್ಗೆ ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದವನು ಕನ್ನಡಿಯಲ್ಲಿ ನನ್ನನ್ನು ನೋಡಿದ.

"ಪಾರೆ, ಅವತ್ತು ಸರೋವರದ ಮೇಲೆ ಜಪಾನಿಯೋರು ಒಂಬತ್ತು ಜನ. ನಾವಿಬ್ರೇ. ನಾನು, ತೆರಿಯೋ. ನನ್ನ ಗನ್ ಕಚ್ಕೊಂಡ್ತು, ಅದಕ್ಕೇ ವಿಮಾನ ವಾಪಸ್ ತಿರುಗಿಸ್ದೆ ಅಂತ ಸೈನ್ಯಕ್ಕೆ ಬರೆದುಕೊಟ್ಟೆ."

"ಕಚ್ಕೊಳ್ಳುತ್ತಪ್ಪ. ಹಳೇ ಗನ್ನು."

"ಕಚ್ಕೊಂಡಿರ್ಲಿಲ್ಲ."

ಸೋಪು ಒಣಗುವವರೆಗೂ ನನ್ನ ಕತ್ತಿ ಏಳಲಿಲ್ಲ. ತೆರಿಯೋ ತಿರುಗಿಸಲಿಲ್ಲವಂತೆ. ಇವನು ಹಿಂದೆ ನೋಡಿದಾಗ ತೆರಿಯೋನ ವಿಮಾನ ಉರಿಯುತ್ತಾ ನೀರಿಗೆ ಬಿತ್ತಂತೆ. ಇಷ್ಟೇ.

ಆದರೆ ಅಷ್ಟರಲ್ಲಿ ನಾನು ಇನ್ನೊಂದು ಕತೆ ಹೇಳಿ ಮುಗಿಸಿದ್ದೆ. ತೆರಿಯೋನ ತಾಯಿ ಸಿದ್ರಾ ವಿಧವೆ, ಇದ್ದವನು ಒಬ್ಬನೇ ಮಗ. ಊರಿಗೆಲ್ಲ ಅವಳು ಲೋಲಾ, ಎಂದರೆ ಅಜ್ಜಿ. ಜಪಾನಿಯರ ಕಾಲದಲ್ಲಿ ಒಂದು ದಿನ ನನ್ನ ಅಂಗಡಿಯ ಹೊಸ್ತಿಲ ಮೇಲೆ ಕೂತು, "ಪಾಂಬೊ, ನೀನು ಎಲ್ಲಾ ನೋಡಿದೀಯಂತಲ್ಲ. ನನ್ ಮಗ ಏನಾದ?" ಎಂದಳು. ಹಂದಿಯನ್ನು ಕೇಳು ಎನ್ನಲಾಗಲಿಲ್ಲ. ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದ, ಗಾಳಿ ಮಿಂದೋರೊ ದ್ವೀಪಕ್ಕೆ ಹೊತ್ತೊಯ್ದಿತು, ಅಲ್ಲಿ ಬದುಕಿದ್ದಾನಂತೆ ಎಂದೆ. ಅವತ್ತು ಅವಳು ಅನ್ನ ಉಂಡಳು. ಹಾಗಾಗಿ ಮುಂದಿನ ವರ್ಷ ಅವನಿಗೆ ಮದುವೆ ಮಾಡಿದೆ. ಆಮೇಲೆ ಮಕ್ಕಳು. ಹದಿನೆಂಟು ವರ್ಷದಲ್ಲಿ ಐದು ಮಕ್ಕಳಾದವು; ಕೊನೆಯವನಿಗೆ ಅಪ್ಪನದೇ ಅಗಲ ಕಿವಿ.

ನವೆಂಬರ್ ಬಂತೆಂದರೆ ಮನೆಮನೆಯವರೂ ತಮ್ಮ ಸತ್ತವರ ಹೆಸರನ್ನು ಚೀಟಿಯಲ್ಲಿ ಬರೆದು ಚರ್ಚಿಗೆ ಕೊಡುತ್ತಾರೆ. ತಿಂಗಳಿಡೀ ಪಾದ್ರಿ ಆ ಹೆಸರುಗಳನ್ನು ಓದುತ್ತಾರೆ. ಹೆಸರು ಕೊಡಬೇಕಾದವರು ರಕ್ತಸಂಬಂಧಿಗಳೇ. ಕರೆಯದ ಆತ್ಮ ಚರ್ಚಿನ ಹೆಬ್ಬಾಗಿಲ ಹೊರಗೆ, ಕರೆಯುವವರೆಗೂ ಕಾಯುತ್ತಾ ನಿಂತಿರುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಲೋಲಾ ಪ್ರತಿವರ್ಷ ಗಂಡನ ಹೆಸರು ಕೊಡುತ್ತಿದ್ದಳು. ಮಗನದು ಕೊಡುತ್ತಿರಲಿಲ್ಲ. ಬದುಕಿರುವವನ ಹೆಸರು ಯಾವ ತಾಯಿ ಕೊಟ್ಟಾಳು?

ಏಳು ವಿಮಾನಗಳ ವೀರ ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಪಕ್ಕದ ಸಣ್ಣ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದ. ಯಾಕೆಂದು ನನಗೊಬ್ಬನಿಗೆ ಗೊತ್ತಿತ್ತು.

ಐವತ್ತೊಂಬತ್ತನೇ ಇಸವಿಯಲ್ಲಿ ಅವನು ಮೇಯರ್ ಸ್ಥಾನಕ್ಕೆ ನಿಂತ. ಮತದಾನಕ್ಕೆ ಒಂಬತ್ತು ದಿನ ಮುಂಚೆ ಸ್ಮಶಾನದ ಹಬ್ಬ. ಊರಿಗೆ ಊರೇ ಗೋರಿಗಳಿಗೆ ಸುಣ್ಣ ಬಳಿದು, ಮೇಣದಬತ್ತಿ ಹಚ್ಚಿ, ಗೋರಿಗಳ ಮೇಲೇ ಕೂತು ಕಡುಬು ತಿಂದು ಇಸ್ಪೀಟು ಆಡುವ ದಿನ. ಓಟು ಕೇಳಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹೆಣಗಳನ್ನು ಬಿಟ್ಟು ಯಾರೂ ಎದ್ದು ಹೋಗುವ ಹಾಗಿಲ್ಲ. ಎದುರಾಳಿ ಬ್ಯಾಂಡು ತಂದಿದ್ದ. ನಾತೋ ಒಂದು ಮೇಣದಬತ್ತಿ ತಂದಿದ್ದ.

"ಪಾರೆ, ಇವತ್ತು ಹೇಳ್ಬಿಡ್ತೀನಿ. ಲೋಲಾ ಕೈಯಿಂದ ಚೀಟಿ ಬರೆಸ್ಬೇಕು."

"ಚುನಾವಣೆ ಸೋಲ್ತೀಯ."

"ಸೋತ್ರೆ ಸೋತೆ ಬಿಡು. ಎಂಬತ್ತು ವರ್ಷ ಅವಳಿಗೆ. ಅವಳು ಹೋದ್ರೆ ಬರೆಯೋಕೆ ಯಾರಿದಾರೆ? ತೆರಿಯೋ ಆ ಹೆಬ್ಬಾಗಿಲಲ್ಲೇ ನಿಂತಿರ್ತಾನೆ, ಪ್ರಳಯದ ತನಕ."

ಲೋಲಾ ಗಂಡನ ಗೋರಿಯ ಪಕ್ಕ ಬಾಳೆ ಎಲೆಯಲ್ಲಿ ಸುತ್ತಿದ್ದ ಕಡುಬು ಬಿಚ್ಚುತ್ತಿದ್ದಳು. ನಾತೋ ಮಂಡಿಯೂರಿ, ಅವಳ ಕೈ ಹಿಡಿದು ಹಣೆಗೆ ಒತ್ತಿಕೊಂಡ.

"ಲೋಲಾ, ತೆರಿಯೋ ಮಿಂದೋರೊದಲ್ಲಿ ಇಲ್ಲ. ಅವನ ವಿಮಾನ ಸರೋವರಕ್ಕೆ ಬಿದ್ದದ್ದು ನಾನೇ ನೋಡಿದೀನಿ. ಅವನು ಒಬ್ನೇ ಹೋರಾಡ್ದ. ನಾನು ಓಡಿ ಬಂದೆ."

ಸುತ್ತಲಿನ ಇಸ್ಪೀಟು ನಿಂತಿತು. ಲೋಲಾ ಕೈ ಎಳೆದುಕೊಂಡಳು.

"ಓಟಿಗೋಸ್ಕರ ನನ್ ಮಗನ್ನ ಸಾಯಿಸ್ತೀಯೇನೋ ಪಾಪಿ?"

"ಇಲ್ಲ ಲೋಲಾ, ನಿಜವಾಗ್ಲೂ..."

"ಪಾಂಬೊ! ಬಾ ಇಲ್ಲಿ. ಹೇಳು ಇವನಿಗೆ. ತೆರಿಯೋನ ಕಿರಿ ಮಗ ಎಷ್ಟು ವರ್ಷದೋನು?"

ಜೀವಮಾನದಲ್ಲಿ ಮೊದಲ ಸಲ ನಾನು ನಿಜ ಹೇಳಲು ಎದ್ದು ನಿಂತೆ.

"ಲೋಲಾ, ಮಗನೂ ಇಲ್ಲ, ಮಿಂದೋರೊನೂ ಇಲ್ಲ. ಎಲ್ಲಾ ನಾನು ಕಟ್ಟಿದ್ದು. ಇವನು ಒಂದು ವಿಮಾನಾನೂ ಬೀಳಿಸಿಲ್ಲ. ನಾನು ನೋಡೂ ಇಲ್ಲ. ಮಂಚದ ಕೆಳಗಿದ್ದೆ, ಹಂದಿ ಪಕ್ಕ."

ಒಂದು ಕ್ಷಣ ಸ್ಮಶಾನವೆಲ್ಲ ಸ್ಮಶಾನದ ಹಾಗೇ ಇತ್ತು. ಆಮೇಲೆ ಮೀನು ಮಾರುವ ತಿನಾಂಗ್ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಹಂದಿಯಂತೆ! ಅಯ್ಯೋ ಪಾಂಬೊ, ಇದು ಎಳನೀರಿಗಿಂತ ಚೆನ್ನಾಗಿದೆ ಕಣೋ!"

ಗೋರಿಯಿಂದ ಗೋರಿಗೆ ನಗು ಹಬ್ಬಿತು. "ಆದ್ರೂ ನಾತೋ ದೊಡ್ಡ ಮನುಷ್ಯ ಕಣ್ರಪ್ಪ," ಎಂದು ಯಾರೋ ಕಣ್ಣೊರೆಸಿಕೊಂಡರು. "ಗೆಳೆಯನಿಗೋಸ್ಕರ ತನ್ನ ಗೆಲುವೇ ಬಿಟ್ಕೊಡ್ತಾನೆ."

"ನಾನು ಹೇಡಿ!" ಎಂದು ನಾತೋ ಕೂಗಿದ. "ಕೇಳಿಸ್ಕೊಳ್ರೋ, ಓಡಿಬಂದೆ ನಾನು!"

ಚಪ್ಪಾಳೆ ಬಿತ್ತು. ಎದುರಾಳಿಯ ಬ್ಯಾಂಡಿನವರೂ ತಟ್ಟಿದರು. ಲೋಲಾ ಕಡುಬನ್ನು ಎಲೆಯಲ್ಲಿ ಮತ್ತೆ ಸುತ್ತಿ ಮಡಿಲಿಗೆ ಹಾಕಿಕೊಂಡಳು. ಅದು ಮಗನ ಪಾಲು. ಅವನು ಯಾವತ್ತು ಬಂದಾನೋ ಎಂದು ಪ್ರತಿವರ್ಷ ತೆಗೆದಿಡುತ್ತಿದ್ದಳು.

ನಾತೋ ಗೆದ್ದ. ಅಷ್ಟು ಅಂತರದ ಗೆಲುವನ್ನು ನಾನು ಕತೆಯಲ್ಲಿ ಹೇಳಿದ್ದರೂ ಯಾರೂ ನಂಬುತ್ತಿರಲಿಲ್ಲ. ಪುರಸಭೆ ಚೌಕದಲ್ಲಿ ಏಳು ಸಿಮೆಂಟಿನ ವಿಮಾನಗಳನ್ನು ನಿಲ್ಲಿಸಿತು. ಅವನು ಬೇಡವೆಂದ, ಅದನ್ನೂ ವಿನಯವೆಂದೇ ನಡಾವಳಿಯಲ್ಲಿ ಬರೆದುಕೊಂಡರು.

ಮರುವರ್ಷ ಜೂನ್ ತಿಂಗಳಲ್ಲಿ ಲೋಲಾ ತೀರಿಕೊಂಡಳು. ಮನೆಯ ಬೀಗದ ಕೈಯನ್ನು ಮಗ ಬಂದಾಗ ಕೊಡು ಎಂದು ನನ್ನ ಕೈಗೆ ಇಟ್ಟು ಹೋದಳು. ಅದು ಈಗಲೂ ನನ್ನ ಅಂಗಡಿಯ ಕನ್ನಡಿಯ ಪಕ್ಕ ಮೊಳೆಗೆ ನೇತಾಡುತ್ತಿದೆ. ಅದಕ್ಕೆ ಒಂದು ಕತೆಯೂ ಹೊಳೆದಿಲ್ಲ.

ಆ ನವೆಂಬರಿನಲ್ಲಿ ತೆರಿಯೋನ ಹೆಸರು ಕೊಡಲು ನಾತೋ, ನಾನು ಇಬ್ಬರೂ ಪಾದ್ರಿಯ ಹತ್ತಿರ ಹೋದೆವು.

"ರಕ್ತಸಂಬಂಧಿಗಳು ಕೊಡ್ಬೇಕಲ್ಲ ಮೇಯರ್ರೇ," ಎಂದರು ಪಾದ್ರಿ. "ಹೆಂಡ್ತಿ, ಐದು ಮಕ್ಕಳು ಇದಾರಂತಲ್ಲ? ತಾಯಿ ಹೋದ ಸುದ್ದಿ ತಿಳಿಸಿ ಮಿಂದೋರೊದ ಎಲ್ಲಾ ಚರ್ಚಿಗೂ ಕಾಗದ ಬರೆದಿದೀನಿ. ಉತ್ತರ ಬರ್ಲಿ."

"ಫಾದರ್, ಆ ಮಕ್ಕಳು ನಾನು ಹೇಳಿದ..."

"ನೀನು ಸುಮ್ನಿರು ಪಾಂಬೊ. ಸತ್ತವರ ವಿಷಯದಲ್ಲೂ ತಮಾಷೆನಾ?"

ನಾತೋ ಅಲ್ಲಿದ್ದ ಚೀಟಿ ಒಂದನ್ನು ಎಳೆದುಕೊಂಡು, ಏನೋ ಬರೆದು, ಮಡಚಿ ಪೆಟ್ಟಿಗೆಗೆ ಹಾಕಿದ. ತನ್ನ ಮನೆಯವರದು ಇರಬೇಕು ಎಂದುಕೊಂಡೆ.

ಭಾನುವಾರ ಪಾದ್ರಿ ಪಟ್ಟಿ ಓದುತ್ತಿದ್ದರು. ಹೆಸರು, ಹೆಸರು, ಹೆಸರು. ನಡುವೆ ಅದೇ ಧಾಟಿಯಲ್ಲಿ, "ಫೋರ್ತುನಾತೋ ಡಿಮಾಕುಲಂಗನ್" ಎಂದರು.

ಮೊದಲ ಬೆಂಚಿನಲ್ಲಿ ಕೂತಿದ್ದ ಫೋರ್ತುನಾತೋ ಡಿಮಾಕುಲಂಗನ್, ನಮ್ಮ ಮೇಯರು, ಎಲ್ಲರ ಜೊತೆ ಗಟ್ಟಿಯಾಗಿ "ಅವನಿಗೆ ಚಿರಶಾಂತಿ ಸಿಗಲಿ" ಎಂದ.

ನನ್ನ ಪಕ್ಕದಲ್ಲಿದ್ದ ತಿನಾಂಗ್ ಮೆಲ್ಲಗೆ, "ತಾತನ ಹೆಸರೇ ಇಟ್ಟಿರೋದಾ ಇವನಿಗೆ? ಮರೆತಿಲ್ಲ ನೋಡು," ಎಂದಳು. ಅವನ ತಾತನ ಹೆಸರು ಕುಲಾಸ್. ಕೊನೆಯ ಕ್ಷೌರ ಮಾಡಿದವನು ನಾನೇ.

"ಹೌದು, ತಾತಂದೇ," ಎಂದೆ. ಅದನ್ನು ಅವಳು ತಕ್ಷಣ ನಂಬಿದಳು.

ಪೂಜೆ ಮುಗಿಯಿತು. ಮೇಯರು ಎಂದಿನ ಹಾಗೆ ಪಕ್ಕದ ಸಣ್ಣ ಬಾಗಿಲಿನಿಂದ ಹೋದ. ನಾನು ಹೆಬ್ಬಾಗಿಲಿನಿಂದ ಹೊರಬಂದೆ. ಹೊಸ್ತಿಲ ಹೊರಗೆ ಯಾರೂ ಇರಲಿಲ್ಲ. ಆದರೂ ಒಬ್ಬನಿಗೆ ಆಗುವಷ್ಟು ಜಾಗ ಬಿಟ್ಟು, ಭುಜ ಓರೆ ಮಾಡಿಕೊಂಡು ದಾಟಿದೆ.